ತಿರುಪಿನ ಪ್ರೆಸ್ಸು

ಮನೆಬಳಕೆಯ ಪ್ರೆಸ್ಸು ತಿರುಪಿನದ್ದಾಗಿರಬೇಕೋ ಜ್ಯಾಕಿನದ್ದಾಗಿರಬೇಕೋ ಎಂಬ ಗಹನವಾದ ಪ್ರಶ್ನೆಗೆ ದೇಜಪ್ಪನವರು ಕೊನೆಗೂ ಉತ್ತರ ಕಂಡುಕೊಂಡರು ಎಂಬುದನ್ನು ಮೊದಲಿಗೇ ಲೋಕಕ್ಕೆ ತಿಳಿಸಿಬಿಡಬೇಕು. ಆ ಬೇಸಗೆಯಲ್ಲಿ ಎಲ್ಲೆಲ್ಲೋ ಸರಕಾರಗಳು ಬಿದ್ದವು, ಗ್ಯಾಸಿನ ಬೆಲೆ ಹತ್ತಿ ಇಳಿಯಿತು, ದೋಹಾದಲ್ಲಿ ಎಂದಿನಂತೆ ನಲ್ಲಿಯ ತಣ್ಣೀರು ಕೈ ಸುಟ್ಟಿತು. ಅಲ್ ಅಜೀಜಿಯಾದ ಆ ಫ್ಲ್ಯಾಟಿನೊಳಗೆ ಮಾತ್ರ ಚರ್ಚೆ ಇದೊಂದೇ. ತೀರ್ಪು ಜ್ಯಾಕಿನ ಪರವಾಗಿ ಬಂತು. ತಿರುಪಿನದ್ದು ಹೀನಾಯವಾಗಿ ಸೋತಿತು. "ಅದನ್ನು ಕೊಳ್ಳುವವನಿಗೆ ಬುದ್ಧಿ ಇಲ್ಲ, ಮಾರುವವನಿಗೆ ನಾಚಿಕೆ ಇಲ್ಲ" ಎಂದು ದೇಜಪ್ಪನವರು ಚಹಾದ ಲೋಟ ಕೆಳಗಿಟ್ಟು ಹೇಳಿದ ಮೇಲೆ ಮೇಲ್ಮನವಿಗೆ ಅವಕಾಶವೇ ಉಳಿಯಲಿಲ್ಲ.

ಅವರ ಮಾತಿಗೆ ತೂಕವಿತ್ತು. ರಾಸ್ ಲಫಾನಿನ ಗ್ಯಾಸ್ ಪ್ಲ್ಯಾಂಟೊಂದರಲ್ಲಿ ಪಂಪು, ಕಂಪ್ರೆಸರುಗಳ ಮೇಂಟೆನೆನ್ಸ್ ನೋಡಿಕೊಂಡು ಕೂದಲು ಬೆಳ್ಳಗಾದವರು ಅವರು. ಒತ್ತಡ ಎಂದರೆ ಬೇರೆಯವರು ರಕ್ತದ್ದು ಎಂದುಕೊಳ್ಳುತ್ತಾರೆ. ದೇಜಪ್ಪನವರು ಪೈಪಿನದ್ದು ಎಂದುಕೊಳ್ಳುತ್ತಿದ್ದರು. ಮನೆಯ ಕುಕ್ಕರ್ ಸೀಟಿ ಹಾಕಿದರೂ ಒಮ್ಮೆ ತಲೆಯೆತ್ತಿ, ಸದ್ದು ಸರಿಯಾಗಿದೆ ಎಂದು ಖಾತ್ರಿ ಮಾಡಿಕೊಂಡೇ ಪೇಪರಿಗೆ ಮರಳುವುದು.

ಪ್ರೆಸ್ಸು ಬೇಕಾಗಿದ್ದದ್ದು ಅವರಿಗಲ್ಲ. ಮಗಳು ಅಕ್ಷಯಾಳಿಗೆ.

ಅಕ್ಷಯಾ ಅವರ ಒಬ್ಬಳೇ ಮಗಳು. ದೋಹಾದಲ್ಲೇ ಶಾಲೆ ಮುಗಿಸಿ, ಕೆನಡಾಕ್ಕೆ ಓದಲು ಹೋದವಳು ಅಲ್ಲಿಯೇ ಜೋವಿನ್ ಎಂಬ, ಬಜಪೆ ಕಡೆಯ ಕ್ರಿಶ್ಚಿಯನ್ ಹುಡುಗನನ್ನು ಮದುವೆಯಾದಳು. ಸುದ್ದಿ ಬಂದಾಗ ದೇಜಪ್ಪನವರು ಕೂಗಾಡಲಿಲ್ಲ. ಲೈನಿನಲ್ಲಿ ಸೋರಿಕೆ ಕಂಡರೆ ವಾಲ್ವು ಮುಚ್ಚುವುದು ಅವರ ಕಸುಬು. ಮುಚ್ಚಿದರು. ಅಂದಿನಿಂದ ಮಗಳ ಜೊತೆ ಮಾತಿಲ್ಲ. ಹೆಂಡತಿ ಪ್ರೇಮಾವತಿ ಮಾತ್ರ ಅಡುಗೆಮನೆಯಲ್ಲಿ ಎಕ್ಸಾಸ್ಟ್ ಫ್ಯಾನು ಹಾಕಿಕೊಂಡು ಮಾತಾಡುತ್ತಿದ್ದರು. ಫ್ಯಾನು ತಿರುಗುತ್ತಿದೆ ಎಂದರೆ ಒಂದೋ ಬಂಗುಡೆ ಹುರಿಯುತ್ತಿದೆ, ಇಲ್ಲವೇ ಕೆನಡಾದ ಫೋನು ಬಂದಿದೆ. ಯಾವುದೆಂದು ದೇಜಪ್ಪನವರಿಗೆ ವಾಸನೆಯಿಂದಲೇ ಗೊತ್ತಾಗುತ್ತಿತ್ತು, ಗೊತ್ತಾಗದವರಂತೆ ಟಿ.ವಿ.ಯ ದನಿ ಒಂದಿಷ್ಟು ತಗ್ಗಿಸುತ್ತಿದ್ದರು.

ಹೀಗೆ ವರ್ಷಗಳು ಹೋದ ಮೇಲೆ ಒಂದು ದಿನ ಅವರ ಸ್ವಂತ ಫೋನೇ ಬಡಿದುಕೊಂಡಿತು.

"ಪಪ್ಪಾ, ನನಗೊಂದು ಪ್ರೆಸ್ ಬೇಕು. ಯಾವುದು ತೆಗೊಳ್ಳುದು ಅಂತ ಗೊತ್ತಾಗುದಿಲ್ಲ."

ಹೇಗಿದ್ದೀರಿ ಇಲ್ಲ, ತಪ್ಪಾಯಿತು ಇಲ್ಲ. ನೇರ ಕೆಲಸದ ಮಾತು. ಅದೇ ಒಳ್ಳೆಯದಾಯಿತು. ಬೇರೆ ಯಾವ ಮಾತಿಗೂ ದೇಜಪ್ಪನವರ ಬಳಿ ಉತ್ತರವಿರಲಿಲ್ಲ, ಇದಕ್ಕಿತ್ತು.

"ಎಂಥದ್ದನ್ನು ಒತ್ತಲಿಕ್ಕೆ?"

"ಒಂದು ಗಿಡದ ಹೂವು. ಬಿಸಿ ಪ್ಲೇಟಿನ ಮಧ್ಯೆ ಇಟ್ಟು ಒತ್ತಿದ್ರೆ ಅಂಟು ಬರ್ತದೆ, ರೋಸಿನ್ ಅಂತ. ನನ್ನ ಕೈ ನೋವಿಗೆ."

"ಯಾವ ಗಿಡ?"

"ಕ್ಯಾನಬಿಸ್, ಪಪ್ಪಾ. ಇಲ್ಲಿ ಲೀಗಲ್. ಡಾಕ್ಟರಿಗೂ ಗೊತ್ತುಂಟು. ಮನೆಯಲ್ಲೇ ನಾಲ್ಕು ಗಿಡ ಬೆಳೆಸಬಹುದು."

ದೇಜಪ್ಪನವರು ಎದ್ದು ಬಾಲ್ಕನಿಯ ಬಾಗಿಲು ಹಾಕಿದರು. ಅದು ಮೊದಲೇ ಹಾಕಿತ್ತು. ತೆಗೆದು ಮತ್ತೆ ಹಾಕಿದರು. ಆ ಶಬ್ದವನ್ನು ಈ ದೇಶದಲ್ಲಿ ನಾಲಿಗೆಯ ಮೇಲಿಟ್ಟುಕೊಳ್ಳುವುದೂ ಬೇಡ ಎಂದು ಹೊಸದಾಗಿ ಬಂದವರಿಗೆ ಬುದ್ಧಿ ಹೇಳುವವರು ಅವರೇ. ಗಾಂಜಾದ ವಿಷಯದಲ್ಲಿ ಇಲ್ಲಿ ಮೊದಲು ಜೈಲು, ಆಮೇಲೆ ವಿಮಾನ, ವಿಚಾರಿಸುವವರು ಯಾರೂ ಇಲ್ಲ. ಅತ್ತ ಕಡೆ ಮಗಳು ಲೈನಿನಲ್ಲೇ ಇದ್ದಳು. ಫೋನು ಇಟ್ಟರೆ ಇನ್ನೊಮ್ಮೆ ಬರುವುದಿಲ್ಲ ಎಂಬುದು ಅವರಿಗೆ ಸ್ಪಷ್ಟವಿತ್ತು.

"ಎಷ್ಟು ಡಿಗ್ರಿ ಬೇಕು?" ಎಂದು ಕೇಳಿದರು ದೇಜಪ್ಪನವರು.

ಅಕ್ಷಯಾ ನಕ್ಕಳು. ನಗುವಿನ ಕೊನೆಯಲ್ಲಿ ಬಿಕ್ಕಳಿಕೆಯಂಥದೊಂದು ಬರುವುದು ಅವಳ ಹುಟ್ಟುಗುಣ. ಅದು ಹಾಗೇ ಇತ್ತು.

ಆಮೇಲೆ ಗೊತ್ತಾದದ್ದು ಇಷ್ಟು: ಅವಳ ಬೆರಳಿನ ಗಂಟುಗಳಿಗೆ ಸಂಧಿವಾತ ಹತ್ತಿತ್ತು. ಇಷ್ಟು ಚಿಕ್ಕ ಪ್ರಾಯದಲ್ಲಿ. "ಉಪ್ಪಿನಕಾಯಿ ಬಾಟಲಿ ಮುಚ್ಚಳ ತೆಗಿಲಿಕ್ಕೂ ಜೋವಿನ್ ಡ್ಯೂಟಿಯಿಂದ ಬರುವ ತನಕ ಕಾಯ್ಬೇಕು, ಪಪ್ಪಾ. ಇದೊಂದಾದ್ರೂ ನಾನೇ ಮಾಡ್ಕೊಳ್ಳುವ ಹಾಗೆ ಇರ್ಬೇಕು." ಬೆರಳು ಬಿಗಿ ಹಿಡಿದು ತಿರುಗಿಸಬೇಕಾದ ತಿರುಪು ಸೋತದ್ದು ಆ ಕ್ಷಣದಲ್ಲಿ. ಉಳಿದ ಬೇಸಗೆಯೆಲ್ಲ ಬರೀ ವಾದ.

ವಾದವೇನು ಸಣ್ಣದಲ್ಲ. ವಾರ ವಾರ ಫೋನು. ಅಪಾಯ ತಿಳಿದವರಾದ್ದರಿಂದ ದೇಜಪ್ಪನವರು ಯಂತ್ರದ ಹೆಸರನ್ನು ಎಲ್ಲಿಯೂ ಟೈಪು ಮಾಡಿ ಹುಡುಕಲಿಲ್ಲ. ಅಕ್ಷಯಾ ಹೆಸರು ಕತ್ತರಿಸಿ ಚಿತ್ರ ಕಳಿಸುವುದು, ಅವರು ಕನ್ನಡಕ ಏರಿಸಿ ನೋಡಿ ಅಳಿಸುವುದು. ಗಿಡಕ್ಕೂ ಒಂದು ಗುಪ್ತನಾಮ ಬೇಕಾಯಿತು. "ಒಂದೆಲಗ ಅನ್ನುವ," ಎಂದರು ದೇಜಪ್ಪನವರು. "ನೆನಪಿನ ಶಕ್ತಿಗೆ ಒಳ್ಳೇದು. ಯಾರಿಗೂ ಸಂಶಯ ಬರುದಿಲ್ಲ."

"ಕೆಲವರು ಕೂದಲು ನೇರ ಮಾಡುವ ಸ್ಟ್ರೇಟ್‌ನರಿನಲ್ಲೇ ಒತ್ತುತ್ತಾರೆ, ಪಪ್ಪಾ."

"ಅದು ಕೂದಲಿಗೇ ಒಳ್ಳೇದಲ್ಲ. ಬೇಡ."

"ಗಾಳಿಯದ್ದು? ಕಂಪ್ರೆಸರ್ ಇಡ್ಬೇಕಂತೆ."

"ಆ ಸದ್ದಿಗೆ ಪಕ್ಕದ ಮನೆಯವ ಪೊಲೀಸರನ್ನು ಕರೀತಾನೆ."

"ಇಲ್ಲಿ ಪೊಲೀಸ್ ಒಂದೆಲಗಕ್ಕೆ ಏನೂ ಮಾಡುದಿಲ್ಲ, ಪಪ್ಪಾ!"

"ಒಂದೆಲಗಕ್ಕೆ ಮಾಡ್ಲಿಕ್ಕಿಲ್ಲ. ಸದ್ದಿಗೆ ಮಾಡ್ತಾನೆ."

ಚೀನಾದ ಒಂದು ಡಬ್ಬದ ಮೇಲೆ ಒತ್ತುವ ಬಲವೆಂದು ಭಾರೀ ಟನ್ನು ಬರೆದಿದ್ದನ್ನು ನೋಡಿ, "ಅದು ಹಡಗಿನ ತೂಕ ಇರ್ಬೇಕು" ಎಂದರು. ಮೋಟಾರಿನದ್ದು ಬಟನ್ ಒತ್ತಿದರೆ ಸಾಕು, ನಿಜ, "ಕೆಟ್ಟು ನಿಂತರೆ ಯಾರು ಬಿಚ್ಚಿ ನೋಡುದು? ಜೋ..." ಎಂದವರು ಅಲ್ಲಿಗೇ ಕೆಮ್ಮಿದರು. ಅಳಿಯನ ಹೆಸರು ಅರ್ಧ ಹೊರಬಂದದ್ದನ್ನು ಇಬ್ಬರೂ ಕೇಳಿಸಿಕೊಂಡರು. ಉಳಿದದ್ದು ಉದ್ದ ಹಿಡಿಯ ಜ್ಯಾಕು. ಬೆರಳು ಬಿಗಿ ಹಿಡಿಯಬೇಕಾಗಿಲ್ಲ. ಅಂಗೈ ಇಟ್ಟು ಮೈಭಾರ ಬಿಟ್ಟರೆ ಆಯಿತು.

ಅಲ್ಲಿಗೆ ನಿಲ್ಲಿಸಿದ್ದರೆ ಈ ಕಥೆಯೂ ನಿಲ್ಲುತ್ತಿತ್ತು. ಆದರೆ ಗಲ್ಫಿನಲ್ಲಿರುವ ನಮ್ಮವರಿಗೆ ಒಂದು ಕಾಯಿಲೆ ಉಂಟು: ಪ್ರೀತಿಯನ್ನು ಟೇಪು ಸುತ್ತಿ, ಯಾರದ್ದಾದರೂ ಬ್ಯಾಗಿನಲ್ಲಿ ತುರುಕಿ ಕಳಿಸದ ಹೊರತು ಅದು ತಲುಪಿತೆಂದು ನಂಬಿಕೆ ಬರುವುದಿಲ್ಲ. ಕೆನಡಾದಲ್ಲಿ ಎಲ್ಲವೂ ಸಿಗುತ್ತದೆ ಎಂದು ಮಗಳು ಹೇಳಿದಳು. ಸಿಗುತ್ತದೆ, ಆದರೆ ಅಲ್ಲಿಯ ಪ್ಲೇಟು ಮೂಲೆಯಲ್ಲಿ ಒಂದು ಬಿಸಿ, ನಡುವೆ ಒಂದು ಬಿಸಿ ಎಂದು ಅಪ್ಪ ಹೇಳಿದರು. ಜ್ಯಾಕು ಅಲ್ಲಿಯೇ ಕೊಳ್ಳಲಿ. ಪ್ಲೇಟು ಮಾತ್ರ ಇಲ್ಲಿಂದ.

ಹೀಗೆ ಅವರು ಇಂಡಸ್ಟ್ರಿಯಲ್ ಏರಿಯಾದಲ್ಲಿ ಲೇತು ಹಾಕಿಕೊಂಡಿದ್ದ ಹಾಲಸಿದ್ದಪ್ಪನ ಬಳಿ ಹೋದರು. ನಿಪ್ಪಾಣಿ ಕಡೆಯ ಆಸಾಮಿ. ಹಿಂದೆ ಪ್ಲ್ಯಾಂಟಿನ ಕಾಂಟ್ರ್ಯಾಕ್ಟಿನಲ್ಲಿ ದೇಜಪ್ಪನವರ ಕೈಕೆಳಗೆ ಇದ್ದವನು.

"ಎರಡು ಪ್ಲೇಟು, ಒಳಗ ಹೀಟರಿಗೆ ತೂತು," ಹಾಲಸಿದ್ದಪ್ಪ ಚಿತ್ರವನ್ನು ತಿರುಗಿಸಿ ಮುರುಗಿಸಿ ನೋಡಿದ. "ಏನ್ ಒತ್ತಾವ್ರದೀರಿ ಸಾಹೇಬ್ರ? ಹಪ್ಪಳ ಏನ್ರಿ?"

"ಸೊಪ್ಪಿನ ಔಷಧಿ. ಮಗಳಿಗೆ."

"ಎಲ್ಲದಾರ ಮಗಳು?"

"ಕೆನಡಾ."

ಹಾಲಸಿದ್ದಪ್ಪ ಮೀಸೆಯೊಳಗೇ ನಕ್ಕ. "ತಿಳೀತು ಬಿಡ್ರಿ. ನಮ್ಮೂರ ಮಠದಾಗ ಅಜ್ಜಾರು ಇದ ಔಷಧಿ ಚಿಲುಮಿಯೊಳಗ ಹಾಕ್ತಿದ್ರು. ಪ್ಲೇಟು ಇಲ್ದನ ಕೈಲಾಸ ಕಾಣ್ತಿತ್ತು ಅವ್ರಿಗೆ."

"ಶ್ಶ್! ಮೆಲ್ಲ ಮಾರಾಯ."

"ನಾ ಏನೂ ಕೇಳಿಲ್ಲ, ನೀವೇನೂ ಹೇಳಿಲ್ಲ. ಖಲಾಸ್. ಗುರುವಾರ ಬರ್ರಿ."

ಗುರುವಾರ ಸಂಜೆ ದೇಜಪ್ಪನವರು ಪ್ಲೇಟುಗಳನ್ನು ಊಟದ ಮೇಜಿನ ಮೇಲೆ ಇಟ್ಟು, ಒಂದರ ಮೇಲೊಂದು ಕೂರಿಸಿ, ನಡುವೆ ಬೆಳಕು ನುಸುಳುತ್ತದೆಯೇ ಎಂದು ಬಗ್ಗಿ ನೋಡಿದರು. ನುಸುಳಲಿಲ್ಲ. ಪ್ರೇಮಾವತಿ ಪಾತ್ರೆ ಒರೆಸುತ್ತ ನಿಂತು ನೋಡಿದರು.

"ಮದುವೆಗೆ ಮಗಳ ಕುತ್ತಿಗೆಗೆ ಒಂದು ಎಳೆ ಚಿನ್ನ ಹಾಕ್ಲಿಲ್ಲ. ಈಗ ಕಬ್ಬಿಣ ಕಳಿಸ್ತೀರಾ?"

"ಅಲ್ಯೂಮಿನಿಯಮ್," ಎಂದರು ದೇಜಪ್ಪನವರು.

ಕೊಂಡೊಯ್ಯುವವರು ಸಿದ್ಧರಿದ್ದರು. ಊರಿನವರ ಸಂಘವಾದ ಕಡಲತಡಿ ಬಳಗದ ಅಧ್ಯಕ್ಷ ತಾರಾನಾಥ, ಅಕ್ಷಯಾಳೂ ಇರುವ ಟೊರಾಂಟೊದಲ್ಲಿನ ತಮ್ಮ ಮಗನ ಮನೆಗೆ ಹೊರಟಿದ್ದರು. ಆದರೆ ಬಳಗಕ್ಕೆ ಒಂದು ನಿಯಮವಿತ್ತು. ಹಿಂದೊಮ್ಮೆ ಊರಿನ ಹುಡುಗನೊಬ್ಬ ಯಾರೋ ಕೊಟ್ಟ ಉಪ್ಪಿನಕಾಯಿ ಭರಣಿಯನ್ನು ಪಾಪವೆಂದು ಹೊತ್ತು ತಂದು, ಅದರ ತಳದಲ್ಲಿ ಮಾತ್ರೆಗಳು ಸಿಕ್ಕಿ, ಏರ್‌ಪೋರ್ಟಿನಿಂದ ನೇರ ಒಳಗೆ ಹೋಗಿದ್ದ. ಅಂದಿನಿಂದ ಬಳಗದವರು ಯಾರ ಪಾರ್ಸೆಲ್ ಒಯ್ಯುವುದಿದ್ದರೂ ಅದನ್ನು ಸಾಕ್ಷಿಗಳ ಎದುರು ಬಿಚ್ಚಿ ತೋರಿಸಬೇಕು, ಏನು, ಯಾತಕ್ಕೆ ಎಂದು ಕೊಡುವವರು ಬಾಯಿಬಿಟ್ಟು ಹೇಳಬೇಕು, ಸಾಕ್ಷಿಗೆ ಒಂದು ಫೋಟೊ ತೆಗೆಯಬೇಕು. ಈ ನಿಯಮವನ್ನು ತಂದವರು ಬಳಗದ ಕಾರ್ಯದರ್ಶಿ. ಕಾರ್ಯದರ್ಶಿ ದೇಜಪ್ಪನವರು.

ತಂದದ್ದಷ್ಟೇ ಅಲ್ಲ, ನಡೆಸಿದ್ದರು. ನರ್ಸ್ ಬ್ರಿಜಿಟ್ ಬಾಯಿ (ಊರಿನ ಕ್ರಿಶ್ಚಿಯನ್ ಹೆಂಗಸರನ್ನು ಗೌರವದಿಂದ ಬಾಯಿ ಎನ್ನುವುದು ರೂಢಿ) ಕ್ರಿಸ್ಮಸ್ಸಿಗೆ ತನ್ನ ತಂಗಿಗೆ ಕಳಿಸಲು ಮಾಡಿದ, ಕರ್ಜಿಕಾಯಿಯಂಥ ನೆವ್ರಿಗಳನ್ನು ಒಂದೊಂದಾಗಿ ಮುರಿಸಿ ಒಳಗಿನ ಹೂರಣ ನೋಡಿದ್ದರು. "ನಿಯಮಕ್ಕೆ ಮುಖ ಇಲ್ಲ, ಬಾಯಿ" ಎಂದಿದ್ದರು. ಆ ವರ್ಷ ತಂಗಿಗೆ ತಲುಪಿದ್ದು ಪುಡಿ.

"ಕೊರಿಯರಿನಲ್ಲಿ ಹಾಕಿ ಬಿಡಿ, ಸುಮ್ಮನೆ ಯಾಕೆ?" ಎಂದರು ಪ್ರೇಮಾವತಿ. ಅದು ಬುದ್ಧಿವಂತಿಕೆಯ ಮಾತು. ಆದರೆ ಕೊರಿಯರಿನವನಿಗೆ ತೋರಿಸಿದರೆ ಅವನು ಏನೆಂದಾನು? ದೇಜಪ್ಪನವರಿಗೆ ನಾಲ್ಕು ಜನರೆದುರು ಹೇಳಬೇಕಿತ್ತು: ಮಗಳು ಕೇಳಿದಳು, ಮಾಡಿಸಿದೆ. ಇಷ್ಟು ವರ್ಷ ಬಳಗದಲ್ಲಿ "ಮಗಳು ಹೇಗಿದ್ದಾಳೆ?" ಎಂದು ಯಾರೂ ಅವರನ್ನು ಕೇಳಿರಲಿಲ್ಲ, ಕೇಳದಿರುವುದನ್ನು ಎಷ್ಟು ಜಾಗ್ರತೆಯಿಂದ ಮಾಡುತ್ತಿದ್ದರೆಂದರೆ ಅದು ಕೇಳಿದ್ದಕ್ಕಿಂತ ಜೋರಾಗಿ ಕೇಳಿಸುತ್ತಿತ್ತು. ಇನ್ನು, ಲೋಹದ ಎರಡು ತುಂಡಿನೊಳಗೆ ಮುರಿದು ನೋಡಲು ಹೂರಣವೇನಿದೆ?

ಜೊತೆಗೆ ಅಕ್ಷಯಾ ಇನ್ನೊಂದು ಕೇಳಿದ್ದಳು. "ಪಾರ್ಸೆಲ್ ತೋರಿಸುವ ದಿನ ವಿಡಿಯೊ ಕಾಲ್ ಮಾಡಿ, ಪಪ್ಪಾ. ಜೋವಿನ್ ಕೂಡ ಇರ್ತಾನೆ. ಒಂದು ಹಲೋ ಹೇಳ್ತೀರಾ?"

"ನೋಡುವ."

ಕರಾವಳಿಯ ಹಿರಿಯರು ನೋಡುವ ಎಂದರೆ ಮುಕ್ಕಾಲು ಒಪ್ಪಿದ ಹಾಗೆ. ಆ ಶುಕ್ರವಾರ ಬೆಳಿಗ್ಗೆ ಗಡ್ಡ ಹೆರೆಯುವಾಗ ದೇಜಪ್ಪನವರು ಕನ್ನಡಿಗೆ "ಹೇಗಿದ್ದೀ ಮಗಾ?" ಎಂದು ಹೇಳಿ ನೋಡಿದರು. ಮಗಾ ಎನ್ನುವುದು ಸ್ವಲ್ಪ ಅವಸರವಾದೀತು ಅನ್ನಿಸಿತು. "ಕೆಲಸ ಹೇಗುಂಟು?" ಎಂದರು. ಅದು ಸರಿಹೋಯಿತು.

ಸಂಜೆ ಜನ ಬಂದರು. ತಾರಾನಾಥ, ಸಾಕ್ಷಿಗೆ ಬ್ರಿಜಿಟ್ ಬಾಯಿ, ಫೋಟೊ ತೆಗೆಯಲು ಕಂಪ್ಯೂಟರ್ ಕೆಲಸದ ಸುಶಾಂತ್. ಪ್ರೇಮಾವತಿ ಗೋಳಿಬಜೆ, ಚಹಾ ತಂದಿಟ್ಟರು. ದೇಜಪ್ಪನವರು ಮಗಳಿಗೆ ವಿಡಿಯೊ ಕಾಲ್ ಹಚ್ಚಿ ಫೋನನ್ನು ನೀರಿನ ಬಾಟಲಿಗೆ ಒರಗಿಸಿ ನಿಲ್ಲಿಸಿದರು. ಟೊರಾಂಟೊದಲ್ಲಿ ಬೆಳಗು. ಅಕ್ಷಯಾ, ಅವಳ ಪಕ್ಕದಲ್ಲಿ ಜೋವಿನ್. ಡ್ಯೂಟಿಗೆ ರಜೆ ಹಾಕಿ ಮನೆಯಲ್ಲೇ ಇದ್ದರೂ ಹುಡುಗ ಇಸ್ತ್ರಿ ಮಾಡಿದ ನೀಲಿ ಶರ್ಟು ಹಾಕಿ, ಕತ್ತಿನ ಗುಂಡಿಯ ತನಕ ಬಿಗಿದುಕೊಂಡು ಕೂತಿದ್ದ.

"ಮೊದಲು ಇದಾಗ್ಲಿ," ಎಂದು ದೇಜಪ್ಪನವರು ಫೋನಿನತ್ತ ಕೈ ತೋರಿಸಿ, ಸ್ನಾನದ ಟವೆಲಿನ ಗಂಟು ಬಿಚ್ಚಿದರು. ಪ್ಲೇಟುಗಳು ಟ್ಯೂಬ್‌ಲೈಟಿಗೆ ಹೊಳೆದವು.

"ಎಂಥ ಫಿನಿಶಿಂಗ್ ಮಾರಾಯ್ರೆ!" ತಾರಾನಾಥ ಒಂದನ್ನು ಎತ್ತಿ ಮುಖ ನೋಡಿಕೊಂಡರು. "ಇದು ಯಾವುದರ ಪಾರ್ಟು ದೇಜಪ್ಪಣ್ಣ?"

"ಪ್ರೆಸ್ಸಿನದ್ದು. ಮಗಳು ಕೇಳಿದ್ಲು, ಮಾಡಿಸಿದೆ. ಎಣ್ಣೆ ತೆಗಿಲಿಕ್ಕೆ."

"ಯಾವ ಎಣ್ಣೆ?" ಬ್ರಿಜಿಟ್ ಬಾಯಿ ಬಜೆಯನ್ನು ಎರಡಾಗಿ ಮುರಿದು ಒಳಗೆ ನೋಡಿದರು. "ಬಾಯಿಬಿಟ್ಟು ಹೇಳ್ಬೇಕಲ್ಲ, ನಿಯಮ ಉಂಟಲ್ಲ."

"ಔಷಧಿ ಸೊಪ್ಪಿಂದು, ಬಾಯಿ."

"ಅದಕ್ಕೊಂದು ಹೆಸರು ಇರ್ಬೇಕಲ್ಲ?"

ದೇಜಪ್ಪನವರು ಬಾಯಿ ತೆರೆಯುವುದರೊಳಗೆ ಸುಶಾಂತ್ ಫೋಟೊ ತೆಗೆದಿದ್ದ. ಈಗಿನ ಫೋನುಗಳಿಗೆ ಸುಮ್ಮನಿರಲು ಬರುವುದಿಲ್ಲ. ಇಂಥದೇ ಬೇರೆ ಚಿತ್ರಗಳಿವೆ ನೋಡುತ್ತೀಯಾ ಎಂದು ಕೇಳಿತು. ಅವನು ನೋಡಿದ.

"ಅಂಕಲ್... ಇದು ಗಾಂಜಾ ಒತ್ತುವ ಮೆಶಿನಿನ ಪ್ಲೇಟ್."

ತಾರಾನಾಥ ಪ್ಲೇಟನ್ನು ಮೇಜಿನ ಮೇಲೆ ಇಡಲಿಲ್ಲ, ಬಿಟ್ಟರು. ಗೋಳಿಬಜೆ ಉರುಳಿತು. "ನಾನು ಮುಟ್ಟಿದ್ದೇನಾ? ಪ್ರೇಮಕ್ಕ, ನಾನು ಮುಟ್ಟಿದ್ದು ನೀವು ನೋಡಿದ್ರಾ?" ಎಂದು ಕರ್ಚೀಫು ತೆಗೆದು ಕೈ ಒರೆಸಿಕೊಂಡರು. ಒರೆಸಿದ ಕರ್ಚೀಫನ್ನು ಎಲ್ಲಿಡಬೇಕೆಂದು ತಿಳಿಯದೆ ಹಿಡಿದುಕೊಂಡೇ ಕೂತರು. ಸುಶಾಂತ್ ಫೋಟೊ ಅಳಿಸಿದ. ಅಳಿಸಿದ್ದನ್ನು ಇನ್ನೊಮ್ಮೆ ಅಳಿಸಿದ.

"ಅಂಕಲ್, ಇಲ್ಲಿ ಅದು ಲೀಗಲ್," ಬಾಟಲಿಗೆ ಒರಗಿದ ಫೋನಿನಿಂದ ಅಕ್ಷಯಾಳ ದನಿ ಬಂತು. "ನನಗೆ ಮದ್ದಿಗೆ. ಪಪ್ಪನಿಗೆ ಎಲ್ಲ ಹೇಳಿದ್ದೇನೆ. ಪಪ್ಪಾ, ಹೇಳಿ ಅವ್ರಿಗೆ."

ತಾರಾನಾಥ ತಿರುಗಿದರು. "ದೇಜಪ್ಪಣ್ಣ, ನಿಮಗೆ ಗೊತ್ತಿತ್ತಾ?"

ಗೊತ್ತಿತ್ತು ಎಂದರೆ ಮುಗಿಯುತ್ತಿತ್ತು. ಪ್ಲೇಟು ಕೆನಡಾಕ್ಕೆ ಹೋಗುತ್ತಿರಲಿಲ್ಲ, ಅಷ್ಟೇ. ಕೋಣೆಯಲ್ಲಿದ್ದವರು ಯಾರೂ ಯಾರಿಗೂ ದೂರು ಕೊಡುವವರಲ್ಲ. ಒಬ್ಬರು ಮುಟ್ಟಿದ್ದರು, ಒಬ್ಬ ಫೋಟೊ ತೆಗೆದಿದ್ದ, ಒಬ್ಬರು ಸಾಕ್ಷಿಗೆ ಕೂತಿದ್ದರು. ಕೆಲಸ ಹೋಗುತ್ತಿರಲಿಲ್ಲ, ವೀಸಾ ಹೋಗುತ್ತಿರಲಿಲ್ಲ. ಹೋಗುತ್ತಿದ್ದದ್ದು ಕಾರ್ಯದರ್ಶಿಯ ಕುರ್ಚಿ, ಮತ್ತು ಆ ಕುರ್ಚಿಯ ಮೇಲೆ ಕೂತು ಊರಿಗೆಲ್ಲ ಹೇಳಿದ ಬುದ್ಧಿ. ದೇಜಪ್ಪನವರು ಒಮ್ಮೆ ಫೋನು ನೋಡಿದರು, ಒಮ್ಮೆ ಬ್ರಿಜಿಟ್ ಬಾಯಿಯ ಮುಖ ನೋಡಿದರು.

"ನನಗೆಂಥ ಗೊತ್ತು?" ಎಂದರು. "ಎಣ್ಣೆ ತೆಗಿಲಿಕ್ಕೆ ಅಂದ್ಲು. ಒಂದೆಲಗ ಅಂದ್ಲು. ಸ್ವಂತ ಅಪ್ಪನಿಗೇ ಸುಳ್ಳು! ಹೀಗಿದ್ದವಳಲ್ಲ ಅವಳು. ಎಲ್ಲ ಆ ಪೊರ್ಬು ಹುಡುಗ ಕಲಿಸಿದ್ದು."

ಪೊರ್ಬು ಎಂದು ಕ್ರಿಶ್ಚಿಯನ್ನರನ್ನು ಊರಿನಲ್ಲಿ ಅವರು ಇಲ್ಲದಾಗ ಕರೆಯುತ್ತಾರೆ. ಬ್ರಿಜಿಟ್ ಬಾಯಿ ಚಹಾದ ಕಪ್ಪನ್ನು ಸದ್ದಾಗದಂತೆ ಕೆಳಗಿಟ್ಟರು.

"ಪಾಪ, ನಿಮಗೆ ಮೋಸ ಆಯ್ತು ದೇಜಪ್ಪಣ್ಣ," ಎಂದರು. "ನನ್ನ ನೆವ್ರಿಯೊಳಗೆ ಕಾಯಿಬೆಲ್ಲವೇ ಇದ್ದದ್ದು."

"ಸರಿ, ಪಪ್ಪಾ," ಎಂದಳು ಅಕ್ಷಯಾ.

ಪರದೆಯತ್ತ ಒಂದು ಕೈ ಬಂತು, ನೀಲಿ ತೋಳಿನದ್ದು. ಕಾಲ್ ಕಟ್ಟಾಯಿತು.

ತಾರಾನಾಥ ಟೊರಾಂಟೊಕ್ಕೆ ಬರೀ ಹಪ್ಪಳ ಒಯ್ದರು. ದೇಜಪ್ಪನವರು ಪ್ಲೇಟುಗಳನ್ನು ಹಾಲಸಿದ್ದಪ್ಪನಿಗೇ ಮರಳಿಸಿದರು. "ಏನಾತ್ರಿ ಸಾಹೇಬ್ರ?" ಎಂದ ಅವನು, ಅವರ ಮುಖ ನೋಡಿ, "ಹೋಗ್ಲಿ ಬಿಡ್ರಿ, ನಾ ಏನೂ ಕೇಳಿಲ್ಲ" ಎಂದ. ಈಗ ಅವು ಅವನ ವರ್ಕ್‌ಶಾಪಿನ ಬಾಗಿಲು ಗಾಳಿಗೆ ಬಡಿಯದ ಹಾಗೆ ಅಡ್ಡ ಕೂತಿವೆ.

ಬಳಗದ ಮುಂದಿನ ಸಭೆಯಲ್ಲಿ ತಾರಾನಾಥ ಎರಡು ಮಾತಾಡಿದರು. ನಿಯಮದ ವಿಷಯ ಬಂದರೆ ಹೆತ್ತ ಮಗಳನ್ನೂ ಬಿಡದ ಕಾರ್ಯದರ್ಶಿ ನಮಗೆ ಸಿಕ್ಕಿದ್ದಾರೆ, ಹೆಚ್ಚು ಬಿಡಿಸಿ ಹೇಳುವುದಿಲ್ಲ ಎಂದರು. ಬಿಡಿಸಿ ಹೇಳುವುದು ಬೇಕಿರಲಿಲ್ಲ, ಎಲ್ಲರಿಗೂ ಗೊತ್ತಿತ್ತು. ಚಪ್ಪಾಳೆ ಬಂತು, ಶಾಲು ಹೊದೆಸಿದರು. ದೇಜಪ್ಪನವರು ಎದ್ದು ಕೈಮುಗಿದರು. ಬ್ರಿಜಿಟ್ ಬಾಯಿಗೆ ಅಂದು ಡ್ಯೂಟಿ ಇತ್ತಂತೆ.

ಮನೆಯಲ್ಲಿ ಈಗ ಎಕ್ಸಾಸ್ಟ್ ಫ್ಯಾನು ಬಂಗುಡೆಗೆ ಮಾತ್ರ. ಮಗಳ ಫೋನು ಬಂದರೆ ಪ್ರೇಮಾವತಿ ಚಪ್ಪಲಿ ಮೆಟ್ಟಿಕೊಂಡು ಕೆಳಗೆ, ಕಾರು ನಿಲ್ಲಿಸುವ ಜಾಗಕ್ಕೆ ಹೋಗಿ, ಆ ಧಗೆಯಲ್ಲಿ ನಿಂತು ಮಾತಾಡಿ ಬರುತ್ತಾರೆ. ಮೇಲೆ ಟಿ.ವಿ.ಯ ದನಿ ತಗ್ಗಿಸಿ ಕೂತರೂ ಏನೂ ಕೇಳಿಸುವುದಿಲ್ಲ.

ಒಂದು ದಿನ ಹೆಂಡತಿ ಬೆವರು ಒರೆಸಿಕೊಳ್ಳುತ್ತ ಮೇಲೆ ಬಂದಾಗ ದೇಜಪ್ಪನವರು ಪೇಪರಿನಿಂದ ತಲೆಯೆತ್ತದೆ ಕೇಳಿದರು: "ಕೊನೆಗೆ ಯಾವುದು ತೆಗೊಂಡ್ಲಂತೆ?"

ಪ್ರೇಮಾವತಿ ಹೇಳಿದರು.

ಅಕ್ಷಯಾ ತಿರುಪಿನ ಪ್ರೆಸ್ಸನ್ನೇ ಕೊಂಡಳು. ಅದನ್ನು ಜೋವಿನ್ ತಿರುಗಿಸುತ್ತಾನೆ.